ಹಳದಿ ವಿಮಾನ ರೆಕ್ಕೆ ಅಲ್ಲಾಡಿಸಿದ ದಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಮ್ಮೂರಿನವರು ಯಾರಾದರೂ ಹೇಳಿ ನನ್ನ ಮಾನ ಕಳೆಯುವುದು ಬೇಡ. ಕಂಪ್ಲಿಯ ಗದ್ದೆಗಳ ಮೇಲೆ ಹಳದಿ ವಿಮಾನ ಹಾರಿ ಬಂದ ಆ ಬೆಳಿಗ್ಗೆ, ಶಾಲೆಯ ಬಿಳಿ ಅಂಗಿಯನ್ನು ಕಬ್ಬಿನ ಜಲ್ಲೆಗೆ ಕಟ್ಟಿಕೊಂಡು ಬರಿಮೈಯಲ್ಲಿ ಕಲ್ಲುಗುಂಡು ಹತ್ತಿ ನಿಂತ ಮಂಗ ನಾನೇ. ಅಷ್ಟಕ್ಕೇ ನಿಂತಿದ್ದರೆ ಹುಡುಗಾಟ ಅನ್ನಬಹುದಿತ್ತು. ವಿಮಾನ ನನಗೇ ಸಲಾಮು ಹೊಡೆಯಿತು ಎಂದು ಅವತ್ತು ಸಂಜೆಯೊಳಗೆ ಕಂಪ್ಲಿಯಿಂದ ಹೊಸಪೇಟೆಯ ತನಕ ಬಸ್ಸಿನಲ್ಲಿ ಕೂತವರಿಗೆಲ್ಲ ಡಂಗುರ ಸಾರಿದವನೂ ನಾನೇ.

ಆಗಿನ್ನೂ ನಮ್ಮ ಆಕಾಶದಲ್ಲಿ ವಿಮಾನವೆಂದರೆ ಅಪರೂಪದ ನೆಂಟ. ಎಲ್ಲೋ ಎತ್ತರದಲ್ಲಿ ಸೂಜಿಮೊನೆಯಷ್ಟು ಮಿನುಗಿ, ಹಿಂದೆ ಬಿಳಿ ಗೆರೆ ಎಳೆದುಕೊಂಡು ಹೋಗುವುದು. ಮಾಳಿಗೆ ಮೇಲೆ ಹಪ್ಪಳ ಒಣಹಾಕುತ್ತಿದ್ದ ಹೆಂಗಸರು ಹಣೆಗೆ ಕೈ ಹಚ್ಚಿ ನೋಡುತ್ತಿದ್ದರು. ಓಣಿಯ ಹುಡುಗರಾದ ನಾವು ಕೈಬೀಸುತ್ತ ಅದರ ಹಿಂದೆ ಓಡುತ್ತಿದ್ದೆವು, ಎದುರಿಗೆ ಬಂದ ಎಮ್ಮೆಗೆ ಡಿಕ್ಕಿ ಹೊಡೆಯುವ ತನಕ. ಸಂಡೂರು ತಾಲ್ಲೂಕಿನ ಉಕ್ಕಿನ ಕಾರ್ಖಾನೆಯ ಹತ್ತಿರ ವಿಮಾನ ಇಳಿಯುವ ಒಂದು ಪಟ್ಟಿ ಇತ್ತು. ಆದರೆ ಅಲ್ಲಿಗೆ ಬರುತ್ತಿದ್ದದ್ದು ದೊಡ್ಡ ಸಾಹೇಬರ ಸಣ್ಣ ವಿಮಾನ. ಅದು ನಮ್ಮಂಥವರು ಮೇಲೆ ನೋಡುವುದರೊಳಗೆ ಇಳಿದುಬಿಡುತ್ತಿತ್ತು.

ಇಂಥ ಊರಿನಲ್ಲಿ ವಿಮಾನದ ಹುಚ್ಚು ಹಿಡಿದ ಮೂವರಿದ್ದರು ಎಂದರೆ ನಂಬಬೇಕು. ಒಬ್ಬ ನನ್ನ ಸೋದರಮಾವ, ಶೇಖರಮಾವ. ಹೊಸಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ, ಬಿಸಿ ವಾರ್ನಿಷಿನ ವಾಸನೆ, ಬಿಚ್ಚಿ ಒರಗಿಸಿದ ಪಂಪ್‌ಸೆಟ್ಟುಗಳು. ಗೋಡೆ ತುಂಬ ಮಾತ್ರ ಹಳೇ ವಿಮಾನಗಳ ಚಿತ್ರ. ಡಕೋಟಾ, ಟೈಗರ್ ಮಾತ್, ಪುಷ್ಪಕ್. ನಡುವೆ ಒಂದು ವೆಂಕಟರಮಣ, ಅದೂ ಅತ್ತೆಯ ಒತ್ತಾಯಕ್ಕೆ. ಎರಡನೆಯವರು ಪಕ್ಕದ ಕುಷನ್ ಅಂಗಡಿಯ ಖಾದರ್ ಭಾಯ್. ಆಟೋ ಸೀಟು ಹೊಲಿದು ಕೂಡಿಸಿದ ದುಡ್ಡಿನಲ್ಲಿ ಬೆಂಗಳೂರಿನ ಏರ್‌ಶೋ ಒಂದನ್ನೂ ತಪ್ಪಿಸದೆ ನೋಡಿಬರುತ್ತಿದ್ದರು. ಬಂದ ಮೇಲೆ ವಾರಗಟ್ಟಲೆ ಕುತ್ತಿಗೆ ತಿರುಗಿಸಲಾಗದೆ, ಗಿರಾಕಿ ಬಂದರೆ ಇಡೀ ಮೈಯನ್ನೇ ತಿರುಗಿಸಿ ‘ಬರ್ರಿ’ ಅನ್ನುತ್ತಿದ್ದರು. ಮೂರನೆಯವರು ಭೂಗೋಳದ ರುದ್ರಪ್ಪ ಮೇಷ್ಟ್ರು. ಅವರು ವಿಮಾನದ ಒಳಗೆ ಕಾಲಿಟ್ಟವರಲ್ಲ, ಆದರೆ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೊಂದು ಕಾರಣ ಹೇಳುವರು.

ದಿನಾ ಸಂಜೆ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಬಿಚ್ಚಿದೊಡನೆ ಅವರ ಸಭೆ ಶುರು.

“ಲೋಕದ ಮೊದಲ್ನೇ ಏರ್‌ಶೋ ಆಗಿದ್ದು ನಮ್ಮ ಹೊಳಿ ಆಚಿ, ಅಂಜನಾದ್ರಿ ಮ್ಯಾಲ,” ಎಂದು ಮೇಷ್ಟ್ರು ಶುರುಮಾಡುವರು. “ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ನೇರ ಸೂರ್ಯಾನ ಕಡಿಗೆ!”

“ಹಾರಿದ್ದು ಖರೆ ಮೇಷ್ಟ್ರ,” ಎನ್ನುವನು ಮಾವ. “ಇಳಿಯೋದ್ರಾಗ ದವಡಿ ಹೋತು ನೋಡ್ರಿ.”

ನನಗೆ ಯಾರನ್ನು ನೋಡಿದರೂ ಅವರಾಗಿಬಿಡುವ ಕಾಯಿಲೆ. ಖಾದರ್ ಭಾಯ್‌ರ ತಿರುಗದ ಕುತ್ತಿಗೆ, ಮೇಷ್ಟ್ರು ಮಾತಿನ ನಡುವೆ ಮೂಗು ಉಜ್ಜಿಕೊಳ್ಳುವುದು, ಮಾವ ಗಿರಾಕಿಯ ಫೋನಿಗೂ ಪೈಲಟ್ಟಿನ ದನಿಯಲ್ಲಿ “ಹೇಳ್ರಿ, ಓವರ್” ಅನ್ನುವುದು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿ. ಶಾಲೆಯಲ್ಲಿ ಹೆಡ್‌ಮೇಷ್ಟ್ರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ ಖ್ಯಾತಿಯೂ ಇತ್ತು. ಒಬ್ಬನನ್ನು ಮಾತ್ರ ಅಣಕಿಸಲು ಬರುತ್ತಿರಲಿಲ್ಲ: ನನ್ನನ್ನು. ನನ್ನದೇ ಅನ್ನುವ ದನಿಯೊಂದು ಇದ್ದರಲ್ಲವೇ!

ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದವನು ತಾತ. ಶೇಖರಮಾವನ ಅಪ್ಪ, ನನ್ನ ಅವ್ವನ ಅಪ್ಪ. ಕಂಪ್ಲಿಯಲ್ಲಿ ಅಜ್ಜಿಯ ಜೊತೆ, ಭತ್ತದ ಗದ್ದೆಯ ಮಗ್ಗುಲಲ್ಲೇ ಇದ್ದ. ವಾರಕ್ಕೊಮ್ಮೆ ಬಸ್ಸು ಹತ್ತಿ ಮಗನ ಅಂಗಡಿಗೆ ಬಂದು, ಸುಟ್ಟ ಮೋಟರೊಂದರ ಮೇಲೆ ಕೂತು, ಏರ್‌ಶೋದ ಮಾತೆಲ್ಲ ಮುಗಿಯಲು ಬಿಡುವನು. ಆಮೇಲೆ ರುಮಾಲು ಸರಿಮಾಡಿಕೊಂಡು ಒಂದೇ ಮಾತು:

“ನೀವು ವಿಮಾನ ನೋಡೀರಿ. ವಿಮಾನ ನನ್ನ ನೋಡೈತಿ.”

ಅಲ್ಲಿಂದ ಆ ಕತೆ. ತಾತ ಹರೆಯದವನಾಗಿದ್ದಾಗ ಕಂಪ್ಲಿಯ ಭತ್ತಕ್ಕೆ ಎಣ್ಣೆ ಹೊಡೆಯಲು ವಿಮಾನ ಬರುತ್ತಿತ್ತಂತೆ. ಎಣ್ಣೆ ಅಂದರೆ ನಮ್ಮ ಕಡೆ ಹುಳುವಿನ ಔಷಧಿ. ಮೇಲಿನಿಂದ ನೋಡಿದರೆ ಗದ್ದೆಯೆಲ್ಲ ಒಂದೇ ಹಸಿರು. ಎಲ್ಲಿ ಹೊಡೆದಾಗಿದೆ, ಎಲ್ಲಿ ಉಳಿದಿದೆ ಎಂದು ಪೈಲಟ್ಟಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಗದ್ದೆಯ ಆ ತುದಿಗೊಬ್ಬ, ಈ ತುದಿಗೊಬ್ಬ ಬಿಳಿ ಬಾವುಟ ಹಿಡಿದು ನಿಲ್ಲಬೇಕು. ವಿಮಾನ ಬಾವುಟಕ್ಕೆ ಗುರಿಯಿಟ್ಟು ಬರುತ್ತದೆ. ಮೈಮೇಲೇ ಬಂತು ಅನ್ನುವ ತನಕ ಬಾವುಟ ಇಳಿಸುವಂತಿಲ್ಲ. ಅದು ತಲೆಯ ಮೇಲೆ ಹಾದ ಕೂಡಲೇ ಪಕ್ಕಕ್ಕೆ ಸರಿದು ಮತ್ತೆ ಬಾವುಟ ಎತ್ತಬೇಕು. ಈ ತುದಿಯವನು ತಾತ.

“ಹೆದ್ರಿಕಿ ಆಗ್ತಿದ್ದಿಲ್ಲೇನು ತಾತಾ?”

“ಆಗ್ತಿತ್ತಲೇ. ಆದ್ರ ಓಡಿದ್ರ ಅವ ದಾರಿ ತಪ್ಪತಾನ.”

ದಿನದ ಕೆಲಸ ಮುಗಿದರೆ ಪೈಲಟ್ಟು ಕೊನೆಯ ಸುತ್ತಿಗೆ ಬಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ಅಲ್ಲಾಡಿಸುತ್ತಿದ್ದನಂತೆ. ಅದರ ಅರ್ಥ: ಸಾಕು, ಮನೆಗೆ ಹೋಗಿ ಜಳಕ ಮಾಡು. ಮೈತುಂಬ ಎಣ್ಣೆ ಬಿದ್ದವನಿಗೆ ಅದಕ್ಕಿಂತ ದೊಡ್ಡ ಅಪ್ಪಣೆ ಯಾವುದಿದೆ! ಒಂದು ದಿನ ಮಾತ್ರ ಹಾಗಾಗಲಿಲ್ಲ. ಗದ್ದೆ ಇನ್ನೂ ಅರ್ಧ ಉಳಿದಿರುವಾಗಲೇ ಮೋಡ ಕವಿಯಿತು. ವಿಮಾನ ರೆಕ್ಕೆ ಅಲ್ಲಾಡಿಸದೆ ಹೊರಟುಹೋಯಿತು. “ನಾಳಿ ಬರ್ತಾನಂತ ನಾ ಬಾವುಟ ತೊಳದು ಇಟ್ಟೆ,” ಅನ್ನುವನು ತಾತ. ಆ ನಾಳೆ ಬರಲೇ ಇಲ್ಲ. ಮುಂದಿನ ಬೆಳೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ಬಂತು, ವಿಮಾನ ನಿಂತೇ ಹೋಯಿತು.

ಈ ಕತೆಯನ್ನು ಮನೆಯಲ್ಲಿ ಯಾರೂ ಪೂರ್ತಿ ನಂಬಿರಲಿಲ್ಲ. ವಿಮಾನ ಬಂದಿತ್ತು, ಸರಿ. ರೆಕ್ಕೆ ಅಲ್ಲಾಡಿಸಿ ಜಳಕಕ್ಕೆ ಕಳಿಸುತ್ತಿತ್ತು ಅನ್ನುವುದನ್ನು ಮಾತ್ರ ಮಾವ ಒಪ್ಪುತ್ತಿರಲಿಲ್ಲ. “ಗಾಳಿಗೆ ವಾಲಿರ್ತೈತಿ ಅಪ್ಪಾ,” ಅನ್ನುವನು. ಅಜ್ಜಿಯಂತೂ ಹಗುರವಾಗಿ, “ಇವ್ನ ಜಳಕಕ್ಕ ಆಕಾಶದಿಂದ ಹೇಳಿಕಿ ಬರಬೇಕಾ?” ಎಂದು ಮುಗಿಸುವಳು. ನಾನೋ, ಕತೆ ಮುಗಿಯುವ ಮೊದಲೇ ಪೊರಕೆ ಎತ್ತಿಕೊಂಡು ತಾತನಾಗಿಬಿಡುತ್ತಿದ್ದೆ. ಬಲಗೈಯಲ್ಲಿ ಬಾವುಟ, ಗಾಳಿಗೆ ರುಮಾಲು ಹಾರದಂತೆ ಎಡಗೈ ನೆತ್ತಿಯ ಮೇಲೆ, ಬಲಗಾಲು ಮುಂದೆ, ಗದ್ದ ಮೇಲೆ. ಬಾವುಟವನ್ನು ಪಟಪಟ ಆಡಿಸುವುದಲ್ಲ. ನಿಧಾನಕ್ಕೆ, ತೊಟ್ಟಿಲು ತೂಗಿದಂತೆ. ಸಭೆ ಬಿದ್ದು ಬಿದ್ದು ನಗುತ್ತಿತ್ತು. ತಾತನೂ ನಗುತ್ತಿದ್ದ, “ಎಡಗಾಲು ಇನ್ನಾ ಚೂರು ಹಿಂದ, ಮಂಗ್ಯಾ” ಎಂದು ತಿದ್ದುತ್ತಿದ್ದ.

ನಾನು ಆರನೆಯ ತರಗತಿಯಲ್ಲಿದ್ದ ವರ್ಷ, ಚಳಿ ಇನ್ನೂ ಪೂರ್ತಿ ಬಿಡದ ದಿನಗಳಲ್ಲಿ, ಖಾದರ್ ಭಾಯ್ ಏರ್‌ಶೋ ಮುಗಿಸಿ ಬಂದರು. ಈ ಸಲ ಕುತ್ತಿಗೆಯ ಜೊತೆ ಸುದ್ದಿಯೂ ಇತ್ತು.

“ಶೇಖ್ರಣ್ಣಾ, ಎರಡು ರೆಕ್ಕಿದು! ಹಳದಿ! ಮ್ಯಾಲ ಒಂದು ಕೆಳಗ ಒಂದು. ನಮ್ಮಪ್ಪನ ಕಾಲದ್ದು. ಎಲ್ಲಾ ಜೆಟ್ಟು ಕಿವಿ ಹರ್ಕಂಡು ಹೋದಮ್ಯಾಲ ಇದು ಬಂತು ನೋಡು, ಟಕಟಕಟಕ ಅಂತ, ಮದುವಿಗೆ ಬಂದ ಅಜ್ಜನಂಗ. ಇಡೀ ಮೈದಾನ ಚುಪ್!”

“ಅದನ್ನ ನೀ ನೋಡಿದಿ. ನಾವೇನ್ ನೋಡಿದ್ವಿ?” ಮಾವನಿಗೆ ಹೊಟ್ಟೆಯುರಿ.

“ಕೇಳಿಲ್ಲಿ. ಉತ್ತರಕ್ಕ ವಾಪಸ್ ಹೋಗ್ಬೇಕಾರ ನಮ್ಮ ಕಾರ್ಖಾನಿ ಪಟ್ಟಿಗೆ ಇಳಿತೈತಂತ, ಪೆಟ್ರೋಲಿಗೆ. ಅಲ್ಲಿ ನೀರಿನ ಟ್ಯಾಂಕರ್ ಹೊಡಿಯೋನು ನಮ್ಮ ಭಾವ. ಶನಿವಾರ ಮುಂಜಾನಿ ಹಂಪಿ ಮ್ಯಾಲ ಒಂದು ಸುತ್ತು ಹೊಡದು ಆಮ್ಯಾಲ ಹೋಗ್ತೈತಿ!”

ಮಾವ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟ. ಮೇಷ್ಟ್ರು ಮೂಗು ಉಜ್ಜಿಕೊಳ್ಳುವುದನ್ನು ಮರೆತರು. ಎಲ್ಲರೂ ಮಾತಂಗ ಬೆಟ್ಟ ಹತ್ತುವುದೆಂದು ಅಲ್ಲೇ ತೀರ್ಮಾನವಾಯಿತು. ಎತ್ತರದಿಂದ ನೋಡಿದರೆ ವಿಮಾನ ಕಣ್ಣಿಗೆ ಸಮನಾಗಿ ಬರುತ್ತದೆ ಎಂದರು ಮೇಷ್ಟ್ರು.

“ನಾ ಬರಂಗಿಲ್ಲ,” ಎಂದ ತಾತ. “ನಾ ಗದ್ಯಾಗ ನಿಂದ್ರತೀನಿ.”

“ಅಪ್ಪಾ, ಅದು ಹಂಪಿ ನೋಡಾಕ ಬರ್ತೈತಿ. ನಿನ್ನ ಭತ್ತ ನೋಡಾಕಲ್ಲ.”

“ಹೊಳಿ ಹಿಡ್ಕಂಡು ಹೋಗ್ತೈತಿ. ಹೊಳಿ ಎಲ್ಲಿ ಹೋಗ್ತೈತಿ? ಕಂಪ್ಲಿಗೆ.”

ಖಾದರ್ ಭಾಯ್ ಮೆಲ್ಲಗೆ ಕೆಣಕಿದರು. “ತಾತಾ, ನಿಮ್ದು ಒಂದು ರೆಕ್ಕಿ ವಿಮಾನ. ಇದು ಎರಡು ರೆಕ್ಕಿದು. ಇದಕ್ಕ ನಿಮ್ಮ ಗುರುತು ಎಲ್ಲಿಂದ?”

“ನನ್ನ ಗುರುತು ಯಾಕ ಬೇಕು? ಬಾವುಟದ ಗುರುತಿದ್ರ ಸಾಕು.” ತಾತನ ದನಿ ಗಟ್ಟಿಯಾಯಿತು. “ಬಾವುಟ ಕಂಡ ಪೈಲಟ್ಟು ರೆಕ್ಕಿ ಅಲ್ಲಾಡಿಸದ ಹೋಗಂಗಿಲ್ಲ. ಹೋದ್ನೋ, ಅವತ್ತಿಗೆ ನಾ ಸುಳ್ಳ ಅನ್ಕಳ್ರಿ. ಇನ್ನ ವಿಮಾನದ ಮಾತು ನನ್ನ ಬಾಯಾಗ ಬರಂಗಿಲ್ಲ.”

ತಾತ ಸುಮ್ಮಸುಮ್ಮನೆ ಆಣೆ ಮಾಡುವ ಜಾತಿಯವನಲ್ಲ. ಒಮ್ಮೆ ಬೀಡಿ ಬಿಡುತ್ತೇನೆಂದು ಅಂದವನು, ಕಿವಿಯ ಮೇಲಿದ್ದ ಬೀಡಿಯನ್ನು ಸೇದದೆ ಹಾಗೇ ಎಸೆದಿದ್ದ. ವಿಮಾನದ ಕತೆ ಇಲ್ಲದ ತಾತ ಎಂದರೆ ಯಾರು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಅಣಕಿನ ಅಂಗಡಿಯೂ ಮುಚ್ಚಿದಂತೆಯೇ.

ನಾನು ಮಾವನ ಜೊತೆ ಬೆಟ್ಟಕ್ಕೇ ಹೋಗಬೇಕಿತ್ತು. ಆದರೆ ನಾಲಿಗೆ ಸುಮ್ಮನಿರಬೇಕಲ್ಲ. ಗುರುವಾರ ಅಂಗಡಿಗೆ ಬಂದ ಗಿರಾಕಿಯೊಬ್ಬನ ಎದುರಿಗೇ, “ಪಂಪ್‌ಸೆಟ್ ಕಾಲಿಂಗ್ ಶೇಖರಮಾವ, ಪಂಪ್‌ಸೆಟ್ ಕಾಲಿಂಗ್ ಶೇಖರಮಾವ, ಮೂರು ವಾರ ಆತು, ಇನ್ನೂ ರನ್‌ವೇ ಮ್ಯಾಲ ನಿಂತೀನಿ, ಓವರ್” ಎಂದುಬಿಟ್ಟೆ. ಮೂರು ವಾರದಿಂದ ರಿಪೇರಿಗೆ ಬಿದ್ದಿದ್ದ ಪಂಪ್‌ಸೆಟ್ಟಿನ ಮಾಲೀಕ ಅವನೇ ಆಗಿದ್ದ. ಮಾವ ನನ್ನ ಕಿವಿ ಹಿಡಿದು ಅವ್ವನ ಮುಂದೆ ನಿಲ್ಲಿಸಿ, “ಅಕ್ಕಾ, ಈ ಲೌಡ್‌ಸ್ಪೀಕರ್ ನನ್ ಜೊತಿ ಬ್ಯಾಡ. ಅಪ್ಪನ ಕೂಡ ಗದ್ದಿಗೆ ಕಳ್ಸು,” ಎಂದ. ಹೀಗೆ ಶುಕ್ರವಾರ ಶಾಲೆ ಬಿಟ್ಟವನು ಸಮವಸ್ತ್ರದಲ್ಲೇ ಕಂಪ್ಲಿಯ ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಅಜ್ಜಿ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಟ್ಟಳು. ತಾತ ಟ್ರಂಕು ತೆಗೆದ. ಎಲ್ಲದರ ತಳದಲ್ಲಿ ಬೇವಿನೆಲೆಯ ನಡುವೆ ಮಡಿಸಿಟ್ಟ ಬಿಳಿ ಬಟ್ಟೆ. ಬಿಳಿ ಎಂದರೆ ಈಗ ಮಜ್ಜಿಗೆಯ ಬಣ್ಣ. “ಒಂದಿನ ಇದನ್ನ ಬೋಗಣಿ ಹಿಡಿಯೋ ಅರಿವಿ ಮಾಡಿದ್ದೆ,” ಎಂದಳು ಅಜ್ಜಿ. “ಎರಡು ಹೊತ್ತು ಉಂಡಿದ್ದಿಲ್ಲ ನಿಮ್ಮ ತಾತ.” ತಾತ ಬಟ್ಟೆಯನ್ನು ಬಿದಿರ ಕೋಲಿಗೆ ಬಿಗಿದ, ಬಿಳಿ ರುಮಾಲು ಸುತ್ತಿದ, ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟ. “ಇವತ್ತೊಂದಿನ ಬಾಯಿ ಮುಚ್ಗಂಡಿರು. ಯಾರಂಗೂ ಮಾಡಬ್ಯಾಡ.”

ಬೇಸಿಗೆ ಬೆಳೆಯ ಭತ್ತ ಮೊಣಕಾಲೆತ್ತರ ಬಂದಿತ್ತು. ಕಾಲುವೆಯ ನೀರಿನ ಮೇಲೆ ಹೊಗೆಯಂಥ ಮಂಜು. ಪಕ್ಕದ್ದು ಕಬ್ಬಿನ ಹೊಲ, ಅದರಾಚೆ ನಮ್ಮ ಸೀಮೆಯಲ್ಲಿ ಎಲ್ಲೆಲ್ಲೂ ಇರುವಂತೆ ಯಾರೋ ಪೇರಿಸಿಟ್ಟು ಮರೆತುಹೋದ ಕಲ್ಲುಗುಂಡುಗಳ ಗುಡ್ಡ. ಕಳೆ ಕೀಳಲು ಬಂದ ಹೆಂಗಸರ ಸಾಲು ಗದ್ದೆಯಲ್ಲಿ ಬಗ್ಗಿತ್ತು. ಬದುವಿನ ಮೇಲೆ ಬಾವುಟ ಊರಿ ನಿಂತ ತಾತನನ್ನು ನೋಡಿ ಸಾಲಿನಲ್ಲಿದ್ದ ಹುಲಿಗೆಮ್ಮ ಸುಮ್ಮನಿರಲಿಲ್ಲ.

“ಏನ್ ಮಾವಾ, ಯಾವ ಪಾರ್ಟಿ ಕಡಿಗೆ ನಿಂತಿ ಈ ಸಲ?”

“ನೀ ಬಗ್ಗಿ ಕಳಿ ತಗಿ. ವಿಮಾನ ಬಂದಾಗ ಮ್ಯಾಲ ನೋಡುವಂತಿ.”

“ನಾವು ನಸುಕಿನ್ಯಾಗ ಬಂದೀವಿ, ನಿಮ್ಮ ವಿಮಾನ ಇನ್ನಾ ಹಲ್ಲು ತಿಕ್ಕಾಕತ್ತೈತೇನೋ!” ಸಾಲು ಪೂರ್ತಿ ನಕ್ಕಿತು.

ಹೊತ್ತು ಏರಿತು. ಬಿಸಿಲಿಗೆ ಮಂಜು ಕರಗಿತು. ಬದುವಿನ ಮೇಲೆ ನಿಂತ ನನಗೆ ಹಂಪಿಯ ದಿಕ್ಕಿಗೆ ಕಬ್ಬು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಾತ ಹೊಳೆಯ ಕಡೆ ನೋಡುತ್ತಿದ್ದ. ನಾನು ಮೆಲ್ಲಗೆ ತಂಬಿಗೆ ಇಟ್ಟು, ಒಂದು ಕಬ್ಬು ಮುರಿದುಕೊಂಡು, ಗುಡ್ಡ ಹತ್ತಿ ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಕೂತೆ.

ಮೊದಲು ಕಂಡವನು ನಾನೇ. ಹಂಪಿಯ ಬೆಟ್ಟಗಳ ಮೇಲೆ ಕಣಜದ ಹುಳುವಿನಷ್ಟು ಹಳದಿ ಚುಕ್ಕೆ. ಅದು ಅವಸರವಿಲ್ಲದೆ, ಗುಡಿಗೆ ಪ್ರದಕ್ಷಿಣೆ ಹಾಕುವವರ ಹಾಗೆ, ಒಂದು ಸುತ್ತು ಬಂತು. ಸದ್ದಿಲ್ಲ. ಆಮೇಲೆ ಬೆಟ್ಟದ ಹಿಂದೆ ಮರೆಯಾಯಿತು.

“ಹೋತು ತಾತಾ!” ಎಂದು ಕೂಗಿದೆ.

ಕೆಳಗೆ ತಾತ ತಿರುಗಿ ನೋಡಲಿಲ್ಲ. ಬಾವುಟವನ್ನು ಮಾತ್ರ ಎತ್ತಿದ.

ಬರಿಯ ಆಕಾಶಕ್ಕೆ ಅವನು ಬಾವುಟ ಬೀಸತೊಡಗಿದ. ನಿಧಾನಕ್ಕೆ, ತೊಟ್ಟಿಲು ತೂಗಿದಂತೆ. ನಗಬೇಕಾದ ಹೆಂಗಸರು ನಗಲಿಲ್ಲ. ನನಗೆ ಏನಾಯಿತೋ, ಅಂಗಿ ಬಿಚ್ಚಿದೆ, ತೋಳುಗಳನ್ನು ಕಬ್ಬಿನ ತುದಿಗೆ ಗಂಟು ಹಾಕಿದೆ, ಎದ್ದು ನಿಂತೆ. ಅಣಕಿಸಬೇಕೆಂದಲ್ಲ. ತಾತ ಬೀಸುತ್ತಿದ್ದಾನೆ, ನನ್ನ ಕೈ ಸುಮ್ಮನೆ ಹೇಗಿರುತ್ತದೆ?

ಆಗ ಕೇಳಿಸಿತು. ಮೊದಲು ದೂರದ ಗಿರಣಿಯ ಸದ್ದಿನ ಹಾಗೆ. ಆಮೇಲೆ ಹತ್ತಾರು ಬುಲೆಟ್ ಬೈಕುಗಳು ಒಟ್ಟಿಗೇ ಹೊರಟ ಹಾಗೆ. ಹೊಳೆಯ ತಿರುವಿನಲ್ಲಿ, ಬಾಳೆತೋಟಗಳ ನೆತ್ತಿಗೆ ಅದು ಕಾಣಿಸಿಕೊಂಡಿತು. ಹೊಳೆಯನ್ನೇ ಹಿಡಿದುಕೊಂಡು ಬರುತ್ತಿತ್ತು. ಬರಬರುತ್ತ ಅದರ ಎರಡು ರೆಕ್ಕೆ ಕಂಡವು, ರೆಕ್ಕೆಗಳ ನಡುವಿನ ಕಡ್ಡಿಗಳು ಕಂಡವು, ಕಡ್ಡಿಗಳ ನಡುವಿನ ತಂತಿಗಳು ಕಂಡವು. ಚಿತ್ರದಲ್ಲಿ ನೋಡಿದ್ದು ಗೊಂಬೆ. ಇದಕ್ಕೆ ಜೀವವಿತ್ತು. ಬಿಸಿಲು ಮೇಲಿನಿಂದ ಬಿದ್ದು ರೆಕ್ಕೆಯ ಬಟ್ಟೆ ಬೆಳಗುತ್ತಿತ್ತು, ಒಳಗಿನ ಎಲುಬುಗಳು ಎಲೆಯ ನರಗಳ ಹಾಗೆ ಕಾಣುತ್ತಿದ್ದವು. ಬಟ್ಟೆ! ಇಷ್ಟು ದೂರ ಹಾರಿ ಬಂದದ್ದು ಬಟ್ಟೆ, ಕಟ್ಟಿಗೆ, ತಂತಿ. ನಮ್ಮ ಮನೆಯಲ್ಲೂ ಇರುವಂಥವೇ.

ಗದ್ದೆಯ ಮೇಲೆ ಅದರ ನೆರಳು ಓಡಿಬಂತು. ನೆರಳಿನ ಮುಂದೆ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದವು, ಹಸಿರು ಗದ್ದೆ ತನ್ನ ಹೊದಿಕೆ ಜಾಡಿಸಿದ ಹಾಗೆ. ಹೆಂಗಸರು ಕೆಸರಿನ ಕೈಗಳನ್ನು ಹಾಗೆಯೇ ಎತ್ತಿ ಹಿಡಿದಿದ್ದರು. ನನ್ನ ಎದೆಯೊಳಗೆ ಎಂಜಿನ್ನು ಹೊಡೆದುಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಯಾವ ಸದ್ದು ಕೇಳಿದರೂ ಬಾಯಲ್ಲಿ ಅದನ್ನು ಮಾಡುತ್ತಿದ್ದ ನಾನು ಅವತ್ತು ಒಂದೇ ಒಂದು ಸದ್ದು ಮಾಡಲಿಲ್ಲ. ಬರಲಿಲ್ಲ.

ತೊಗಲಿನ ಟೋಪಿ, ಕಪ್ಪು ಕನ್ನಡಕದ ಒಂದು ತಲೆ ಹೊರಗೆ ಬಾಗಿ ಕೆಳಗೆ ನೋಡಿತು. ಮತ್ತೆ, ನೋಡನೋಡುತ್ತಿದ್ದಂತೆ, ಬಲರೆಕ್ಕೆ ಇಳಿಯಿತು. ಎಡರೆಕ್ಕೆ ಇಳಿಯಿತು. ಮತ್ತೊಮ್ಮೆ ಬಲ, ಮತ್ತೊಮ್ಮೆ ಎಡ. ಗಾಳಿಗೆ ವಾಲಿದ್ದಲ್ಲ, ಗಾಳಿ ಇರಲೇ ಇಲ್ಲ. ಆಮೇಲೆ ಹೊಳೆ ದಾಟಿ ಉತ್ತರಕ್ಕೆ ತಿರುಗಿ, ಸಣ್ಣದಾಗುತ್ತ, ಹಳದಿಯಾಗುತ್ತ, ಕಡೆಗೆ ಬರಿಯ ಬಿಸಿಲಾಗಿ ಹೋಯಿತು.

ನಾನು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಇಳಿದು ಬಂದೆ. “ನನಗ! ನನಗ ಅಲ್ಲಾಡಿಸ್ತು! ನನ್ನ ಕಡಿನ ನೋಡಿದ!”

ತಾತ ಬಾವುಟ ಬಿಚ್ಚಿ ಮಡಿಸಿದ. ರುಮಾಲು ತೆಗೆದು ಅದರ ಮೇಲಿಟ್ಟ. ಅಂಗಿ ಕಳಚಿದ. ಆ ಚಳಿಯಲ್ಲಿ, ಹುಲಿಗೆಮ್ಮ “ಏ ಮಾವಾ, ಏನ್ ಮಾಡಾಕತ್ತಿ!” ಎಂದು ಕೂಗುತ್ತಿದ್ದರೂ, ಕಾಲುವೆಗೆ ಇಳಿದು ಮುಳುಗಿ ಮುಳುಗಿ ಜಳಕ ಮಾಡಿದ. ನಾನು ದಂಡೆಯಲ್ಲಿ ಕೂತು ನನ್ನ ಬಾವುಟದ ಕೋಲನ್ನು ಸಿಗಿದು ತಿನ್ನುತ್ತಿದ್ದೆ. ಆ ಜಳಕ ಯಾವ ದಿನದ ಬಾಕಿ ಎಂದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾದವು.

ಮೊನ್ನೆ ಕಂಪ್ಲಿಗೆ ಹೋಗಿದ್ದಾಗ ಅದೇ ಬದುವಿನ ಮೇಲೆ ನನಗಿಂತ ಚಿಕ್ಕ ಹುಡುಗನೊಬ್ಬ ಛತ್ರಿಯ ಕೆಳಗೆ ಕೂತು ಡ್ರೋನ್ ಹಾರಿಸುತ್ತಿದ್ದ. ಕಣ್ಣು ಮಿಟುಕಿಸುವುದರೊಳಗೆ ಎಕರೆ ಮುಗಿಸಿತು, ತಾನೇ ಬಂದು ತನ್ನ ಜಾಗದಲ್ಲಿ ಇಳಿಯಿತು. ಒಳ್ಳೆಯದೇ. ಯಾರ ಮೈಮೇಲೂ ಎಣ್ಣೆ ಬೀಳುವುದಿಲ್ಲ, ಯಾರೂ ಎದೆಯೊಡ್ಡಿ ನಿಲ್ಲಬೇಕಾಗಿಲ್ಲ. ಕಾರ್ಖಾನೆಯ ಪಟ್ಟಿಯಿಂದ ಈಗ ನಮ್ಮಂಥವರೂ ಟಿಕೆಟು ತೆಗೆಸಿ ಹಾರಬಹುದು. ನಾನೂ ಒಮ್ಮೆ ಹಾರಿದೆ. ಕಿಟಕಿಯಿಂದ ನಮ್ಮ ಗದ್ದೆಗಳನ್ನು ಹುಡುಕಿದೆ, ಎಲ್ಲ ಒಂದೇ ಹಸಿರು. ಬದುವಿನ ಮೇಲೆ ಬಿಳಿ ಚುಕ್ಕೆಯೊಂದು ಕಂಡೀತೇ ಎಂದು ಗಾಜಿಗೆ ಮೂಗು ಒತ್ತಿ ಕೂತವನನ್ನು ನೋಡಿ ಪಕ್ಕದವರು ಮೊದಲ ಸಲವೇ ಎಂದು ಕೇಳಿದರು. ಮಾಳಿಗೆಯ ಮೇಲೆ ಈಗ ಯಾರೂ ಹಣೆಗೆ ಕೈ ಹಚ್ಚುವುದಿಲ್ಲ. ಮೇಷ್ಟ್ರಿಲ್ಲ. ತಾತನೂ ಇಲ್ಲ. ವಿಮಾನಗಳು ಎಷ್ಟೋ ಹೋಗುತ್ತವೆ, ಬರುತ್ತವೆ. ಕೆಳಗಿರುವವರನ್ನು ಅವು ನೋಡುವುದನ್ನು ಬಿಟ್ಟವು.

ಇರಲಿ, ಅವತ್ತಿನ ಸಂಜೆಯ ಪಂಚಾಯ್ತಿ ಬಾಕಿ ಇದೆ.

ತಾತನೂ ನಾನೂ ಹೊಸಪೇಟೆಗೆ ಬಂದಾಗ ಅಂಗಡಿಯಲ್ಲಿ ಮಾತಂಗ ಬೆಟ್ಟದ ತಂಡ ಬಂದು ಕೂತಿತ್ತು. ಮಾವನ ಮುಖ ಇನ್ನೂ ಬೆಳಗುತ್ತಿತ್ತು. “ವಿರೂಪಾಕ್ಷನ ಗೋಪುರದ ಪಕ್ಕದಾಗ ಹಾದು ಹೋತಲೇ! ನಾವು ಮ್ಯಾಲ, ವಿಮಾನ ಕೆಳಗ! ಅದರ ಬೆನ್ನು ನೋಡಿದ್ವಿ ನಾವು!” ಎಂದು ಒಂದೇ ಮಾತನ್ನು ಮೂವರೂ ಸರದಿಯ ಮೇಲೆ ಹೇಳಿದರು. ಖಾದರ್ ಭಾಯ್ ಒಂದು ಫೋಟೋವನ್ನೂ ತೆಗೆದಿರಲಿಲ್ಲ. ನೋಡುತ್ತ ನೋಡುತ್ತ ಕ್ಯಾಮೆರಾ ಕೊರಳಲ್ಲೇ ಇತ್ತಂತೆ.

ನಾನು ನನ್ನ ಕತೆ ಬಿಚ್ಚಿದೆ. ಕಲ್ಲು, ಕಬ್ಬು, ಅಂಗಿ, ಸಲಾಮು. ತಾತ ಮೋಟರಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ರೆಕ್ಕೆ ಅಲ್ಲಾಡಿದ್ದು ನಿಜ ಎಂದು ತಿಳಿದು ಮಾವ ಬೆರಗಾದ. ಆದರೆ ಯಾರಿಗೆ? ಅಲ್ಲಿಗೆ ಬಂತು ತಕರಾರು.

ಮೇಷ್ಟ್ರು ಸೀಮೆಸುಣ್ಣದಿಂದ ನೆಲದ ಮೇಲೆ ಹೊಳೆ, ಗದ್ದೆ, ಗುಡ್ಡ ಬರೆದರು. “ಹೊಳಿ ಕಡಿಯಿಂದ ಬರೋನಿಗೆ ಗುಡ್ಡ ಎದುರಿಗೆ ಬರ್ತೈತಿ. ಎತ್ತರದಾಗ ಇರೋದು ಮೊದಲು ಕಾಣ್ತೈತಿ.”

“ತಾತನ ಬಾವುಟ ಮಾಸೈತಿ,” ಎಂದರು ಖಾದರ್ ಭಾಯ್, ಮೈ ಪೂರ್ತಿ ತಾತನ ಕಡೆ ತಿರುಗಿಸಿ, ತಪ್ಪು ಮಾಡಿದವರ ಹಾಗೆ. “ಇವನ ಅಂಗಿ ಬೆಳ್ಳಗೈತಿ. ನ್ಯಾಯ ನ್ಯಾಯ ತಾತಾ. ಹುಡುಗನ್ನ ನೋಡೇ ಅಲ್ಲಾಡಿಸ್ಯಾನ.”

“ಮುಗೀತು ಬಿಡ್ರಿ,” ಎಂದು ಮಾವ ನಕ್ಕ. “ನಿನ್ನ ಪಾಲಿನ ಸಲಾಮು ಮೊಮ್ಮಗ ಹೊಡ್ಕಂಡ ಅಪ್ಪಾ. ಅಂದ ಮ್ಯಾಲ ಮಾತಿನ ಪ್ರಕಾರ ಇನ್ನ ವಿಮಾನದ ಕತಿ ಬಂದ್ ಅಲ್ಲೇನು?”

ನಾನು ಗೆದ್ದಿದ್ದೆ. ಆದರೆ ಕೈಯಲ್ಲಿದ್ದ ಮಿರ್ಚಿಯನ್ನು ಪೊಟ್ಟಣಕ್ಕೆ ವಾಪಸು ಇಟ್ಟೆ. ನಾಳೆಯಿಂದ ತಾತ ಅದೇ ಮೋಟರಿನ ಮೇಲೆ ಕೂತು ಏನು ಹೇಳುತ್ತಾನೆ? ಮಳೆಯ ಮಾತೇ? “ಬ್ಯಾಡ ಮಾವಾ,” ಎನ್ನಲು ಬಾಯಿ ತೆರೆದೆ.

ತಾತ ನನ್ನನ್ನು ನೋಡಿದ.

“ಲೇ, ಕಲ್ಲ ಮ್ಯಾಲ ನೀ ಹೆಂಗ ನಿಂತಿದ್ದಿ? ಒಂದ್ಸಲ ಮಾಡಿ ತೋರ್ಸು.”

ಪೊರಕೆ ಎತ್ತಿಕೊಂಡೆ. ಬಲಗಾಲು ಮುಂದೆ, ಎಡಗಾಲು ಚೂರು ಹಿಂದೆ, ಗದ್ದ ಮೇಲೆ. ಬಲಗೈಯಲ್ಲಿ ಪೊರಕೆಯನ್ನು ನಿಧಾನಕ್ಕೆ ತೂಗಿದೆ. ಎಡಗೈ ತಾನಾಗಿ ನೆತ್ತಿಯ ಮೇಲೆ ಹೋಗಿ ಕೂತಿತು. ಸಭೆ ಎಂದಿನಂತೆ ನಗಲು ಶುರುಮಾಡಿ ಅರ್ಧಕ್ಕೇ ನಿಂತಿತು.

“ತಲಿ ಮ್ಯಾಲ ಕೈ ಯಾಕ?” ಎಂದ ತಾತ. “ನಿನಗ ರುಮಾಲ ಎಲ್ಲೈತಿ?”

“ನೀ ಹಂಗ ಹಿಡಿತಿಯಲ್ಲ ತಾತಾ.”

ತಾತ ಕೈಯಲ್ಲಿದ್ದ ಕೊನೆಯ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಕೈ ಝಾಡಿಸಿ, ಮೂವರನ್ನೂ ಒಂದು ಸಲ ನೋಡಿದ.

“ಕೇಳಿದ್ರಲ್ಲ? ಕಲ್ಲ ಮ್ಯಾಲ ನಿಂತಾವ ಇವ. ವಿಮಾನಕ್ಕ ಕಂಡಾವ ನಾ.”